ಹುಲಿಗೆಮ್ಮನ ಬದಲಿಗೈ

ದುಡಿಯುವ ಹೆಂಗಸು ಮನೆಯಲ್ಲಿ ಚಾದರ ಹೊದ್ದು ಮಲಗಿರುವಾಗ ಅವಳ ಕೈ ಮಾತ್ರ ಕಾರ್ಖಾನೆಗೆ ಹೋಗಿ ದುಡಿದು ಬರುವಂತಿದ್ದರೆ ಹೇಗೆ? ಈ ಪ್ರಶ್ನೆಯನ್ನು ಮೊದಲು ಕೇಳಿದವರು ವಿಜ್ಞಾನಿ ಪೂರ್ಣಿಮಾ ಮೇಡಂ. ಕೇಳಿ ಸುಮ್ಮನಾಗುವ ಹೆಂಗಸಲ್ಲ ಆಕೆ, ಉತ್ತರವನ್ನೂ ಮಾಡಿ ಮೇಜಿನ ಮೇಲಿಟ್ಟರು. ಆ ಉತ್ತರದ ಹೆಸರು ಬದಲಿಗೈ. ತುಂಗಭದ್ರೆಯ ಬಯಲಿನ ಆ ಉಕ್ಕಿನ ಕಾರ್ಖಾನೆಯ ಹೆಂಗಸರು ಮೇಡಂ ಅವರ ಫೋಟೋವನ್ನು ದೇವರ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುವುದೊಂದು ಬಾಕಿ ಇತ್ತು.

ಅದೇ ಬದಲಿಗೈಯ ಎದುರು ಹುಲಿಗೆಮ್ಮ ಈಗ ಸೋತು ಕೂತಿದ್ದಳು.

ಹೆರಿಗೆ ರಜೆ ಮುಗಿಸಿ ಬಂದವಳು ನೇರವಾಗಿ ಕ್ರೇನಿನ ಕುರ್ಚಿಗೆ ಹೋಗುವಂತಿಲ್ಲ. ಮೊದಲು ಪರೀಕ್ಷೆಯ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ಕರಗಿದ ಉಕ್ಕು ತುಂಬಿದ ಸುಳ್ಳು ಕೊಪ್ಪರಿಗೆಯನ್ನು ಎತ್ತಿ, ಸಾಗಿಸಿ, ಇಳಿಸಿ ತೋರಿಸಬೇಕು. ಅವಳು ಎತ್ತಿದಳು, ಸಾಗಿಸಿದಳು, ಇಳಿಸಿದಳು. ಒಂದು ತೊಟ್ಟೂ ಚೆಲ್ಲಲಿಲ್ಲ. ಆದರೂ ಪರದೆ ಕೆಂಪಾಯಿತು. ಜೇನಿನಲ್ಲಿ ಅದ್ದಿ ತೆಗೆದಂಥ ಹೆಣ್ಣುದನಿಯೊಂದು ಮಾತಾಡಿತು.

"ಹುಲಿಗೆಮ್ಮ ಅವರೇ, ನೀವು ಇನ್ನೂ ನಿಮ್ಮ ಮಟ್ಟಕ್ಕೆ ಬಂದಿಲ್ಲ. ಸದ್ಯಕ್ಕೆ ನಿಮ್ಮ ಬದಲಿಗೈ ನಿಮಗಿಂತ ಚೆನ್ನಾಗಿ ಕೆಲಸ ಮಾಡುತ್ತಿದೆ. ದಯವಿಟ್ಟು ವಿಶ್ರಾಂತಿ ಮುಂದುವರಿಸಿ."

"ವಿಶ್ರಾಂತಿ ಒಯ್ದು ನಿಮ್ಮವ್ವಗ ಕೊಡು," ಎಂದಳು ಹುಲಿಗೆಮ್ಮ. ಯಂತ್ರಕ್ಕೆ ಅವ್ವ ಇಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆದರೆ ಸಿಟ್ಟಿಗೆ ಅದೆಲ್ಲ ಬೇಕಾಗುವುದಿಲ್ಲ. ಎದೆಯಲ್ಲಿ ಹಾಲು ಕಟ್ಟಿ ಸಿಡಿಯುತ್ತಿತ್ತು. ಗೋಡೆಗೆ ಆನೆ, ನವಿಲು ಬರೆಸಿದ ಚೆಂದದ ಶಿಶುಕೋಣೆಯಲ್ಲಿ ಮಗಳು ತುಂಗಾ ಅಳುತ್ತಿರಬಹುದು. ಕಾರ್ಖಾನೆಯವರು ಶಿಶುಕೋಣೆಗೆ ಏನೂ ಕಡಿಮೆ ಮಾಡಿರಲಿಲ್ಲ. ಕಡಿಮೆಯಾಗಿದ್ದು ತಾಯಂದಿರಿಗೆ ಕೆಲಸ ಮಾತ್ರ.

ಎದ್ದು ನಿಂತು ಗಾಜಿನಾಚೆ ನೋಡಿದಳು. ಆಚೆಗೆ ನಿಯಂತ್ರಣ ಕೋಣೆ. ಸಾಲಾಗಿ ಕುರ್ಚಿಗಳು, ಎಲ್ಲವೂ ಖಾಲಿ. ಖಾಲಿ ಕುರ್ಚಿಗಳ ಮುಂದೆ ಹಿಡಿಕೆಗಳು ತಮ್ಮಷ್ಟಕ್ಕೆ ತಾವೇ ಹಿಂದೆ ಮುಂದೆ ಆಡುತ್ತಿದ್ದವು. ಅಷ್ಟೂ ಹಿಡಿಕೆಗಳನ್ನು ಆಡಿಸುತ್ತಿದ್ದದ್ದು ಒಂದೇ ಕೈ, ಅವಳದು. ಒಂದು ಕಾಲಕ್ಕೆ ಆ ಕೋಣೆಯಲ್ಲಿ ಹನ್ನೊಂದು ಹೆಂಗಸರು ಕೂತು, ಕೆಲಸ ಮಾಡುತ್ತ, ಅತ್ತೆಯರನ್ನು ಬೈಯುತ್ತ, ಶೇಂಗಾ ಹಂಚಿಕೊಂಡು ತಿನ್ನುತ್ತಿದ್ದರು. ಈಗ ಅಲ್ಲಿ ಬೈಯುವವರೂ ಇಲ್ಲ, ತಿನ್ನುವವರೂ ಇಲ್ಲ.

ಕೆಲಸವಾದರೂ ಎಂಥದು! ಕುಲುಮೆಯಿಂದ ಕರಗಿದ ಉಕ್ಕನ್ನು ಮನೆಯಷ್ಟು ದೊಡ್ಡ ಕೊಪ್ಪರಿಗೆಗೆ ಸುರಿಯುತ್ತಾರೆ. ಅದನ್ನು ಕ್ರೇನಿನಿಂದ ಎತ್ತಿ, ಗಂಡಸರು ಕೆಲಸ ಮಾಡುವ ಅಂಗಳದ ನೆತ್ತಿಯ ಮೇಲೆ ಹಾಯಿಸಿ, ಅಚ್ಚಿನ ತಾಣಕ್ಕೆ ಮುಟ್ಟಿಸಬೇಕು. ತೂಗುವ ಕೊಪ್ಪರಿಗೆಯೊಳಗೆ ಉಕ್ಕು ತುಳುಕುತ್ತದೆ. ತುಳುಕಿದ ಉಕ್ಕು ಕೊಪ್ಪರಿಗೆಯನ್ನು ಇನ್ನಷ್ಟು ತೂಗಿಸುತ್ತದೆ. ಚೆಲ್ಲಿದರೆ ಕೆಳಗಿದ್ದವರ ಹೆಣವೂ ಸಿಕ್ಕುವುದಿಲ್ಲ. ಗಣಕಯಂತ್ರಗಳಿಗೆ ಈ ತುಳುಕಾಟ ತಿಳಿಯಲೇ ಇಲ್ಲ. ಒಳ್ಳೆಯ ಚಾಲಕಿಯ ಕೈಗೆ ಮಾತ್ರ ಅದು ತಿಳಿಯುತ್ತಿತ್ತು.

ಪೂರ್ಣಿಮಾ ಮೇಡಂ ಕಂಡುಹಿಡಿದದ್ದು ಒಂದು ಸಣ್ಣ ಸಂಗತಿ. ಜಾಣ್ಮೆ ಇರುವುದು ಕೈ ಆಡುವುದರಲ್ಲಿ ಅಲ್ಲ, ಕೈ ಹಿಂಜರಿಯುವುದರಲ್ಲಿ. ಬೆರಳು ಚಲಿಸುವ ಮೊದಲೇ ಸ್ನಾಯುವಿನಲ್ಲಿ ಸಣ್ಣದೊಂದು ವಿದ್ಯುತ್ತು ಓಡುತ್ತದೆ. ಕೆಲವೊಮ್ಮೆ ವಿದ್ಯುತ್ತು ಓಡಿದರೂ ಬೆರಳು ಕದಲುವುದಿಲ್ಲ, 'ಈಗ ಬೇಡ, ತಡಿ' ಎಂದು ಮೈ ಹೇಳಿರುತ್ತದೆ. ಹಿಂದಿನ ಯಂತ್ರಗಳು ಕೈ ಆಡುವುದನ್ನಷ್ಟೇ ಕಲಿತಿದ್ದವು. ಮೇಡಂ ಮಾಡಿದ ತೆಳು ಕೈಗವಸು ಹಿಂಜರಿಕೆಯನ್ನೂ ಕಲಿಯಿತು. ಆರು ತಿಂಗಳು ಅದನ್ನು ತೊಟ್ಟು ದುಡಿದರೆ ಸಾಕು, ಯಂತ್ರದೊಳಗೆ ನಿಮ್ಮದೇ ಇನ್ನೊಂದು ಕೈ ಹುಟ್ಟುತ್ತದೆ. ಅದೇ ಬದಲಿಗೈ.

"ನೋಡಿ, ಮುಟ್ಟಾದ ದಿನ ನೀವು ಹೊಟ್ಟೆ ಹಿಡ್ಕೊಂಡು ಬಂದು ಕೂತ್ಕೋಬೇಕಾಗಿಲ್ಲ," ಎಂದು ಮೇಡಂ ಮೊದಲ ದಿನ ಹೆಂಗಸರನ್ನು ಕೂಡಿಸಿಕೊಂಡು ಹೇಳಿದ್ದರು. ಮೈಸೂರು ಕಡೆಯವರು, ಮಾತು ಮೆದು. "ಹೆರಿಗೆ ಅಂತ ಹೋದ್ರೆ ನಿಮ್ಮ ಜಾಗಕ್ಕೆ ಬೇರೆಯವರು ಬರಲ್ಲ. ನಿಮ್ಮ ಕೈಯೇ ಬರುತ್ತೆ, ಸಂಬಳ ನಿಮ್ಮ ಮನೆಗೇ ಬರುತ್ತೆ. ನಾನು ಇಬ್ಬರು ಮಕ್ಕಳನ್ನ ಹೆತ್ತವಳು ಕಣ್ರೇ. ಮೂರನೇ ವಾರಕ್ಕೆ ಹೊಲಿಗೆ ನೋವಲ್ಲೇ ಲ್ಯಾಬಿಗೆ ಓಡಿದ್ದೆ. ನನಗಾದದ್ದು ನಿಮಗಾಗಬಾರದು."

ಆಗ ಅವರ ಕಣ್ಣು ತುಂಬಿತ್ತು. ಅದು ನಾಟಕವಾಗಿರಲಿಲ್ಲ ಎಂದು ಹುಲಿಗೆಮ್ಮ ಇವತ್ತಿಗೂ ಆಣೆ ಇಟ್ಟು ಹೇಳುತ್ತಾಳೆ. ಅವಳಿಗೆ ಹೆಚ್ಚು ಉರಿಯುವುದೂ ಅದಕ್ಕೇ.

ಕರಾರು ಮಾಡಿಸಿದವರೂ ಮೇಡಮ್ಮೇ. ಒಡತಿ ಅಂಗೈ ಒತ್ತಿ ಒಪ್ಪಿದರೆ ಮಾತ್ರ ಬದಲಿಗೈ ಏಳಬೇಕು. ಅವಳು ರಜೆಯಲ್ಲಿದ್ದಾಗ ಮಾತ್ರ ದುಡಿಯಬೇಕು. ಅವಳು ಕೆಲಸವನ್ನೇ ಬಿಟ್ಟರೆ ಆ ದಿನವೇ ಅದನ್ನು ಅಳಿಸಿಹಾಕಬೇಕು. ಹೆಂಗಸರ ಕಡೆಯಿಂದ ಮೆಹರುನ್ನಿಸಾ ಎದ್ದು ಇನ್ನೊಂದು ಸೇರಿಸಿದ್ದಳು. "ಗವಸು ಭಾಳ ಶೆಕಿ ಆಗತೈತ್ರಿ. ಬೆವರು ಒರಸಾಕ ಆಗಾಗ ಬಿಚ್ಚಿದ್ರ ಯಾರೂ ಕೇಳಬಾರದು. ಗವಸು ಹಾಕದಿದ್ರೂ ಹಿಡಿಕಿ ನಡೀತಾವಲ್ಲ?" ಆಡಳಿತದವರು ನಕ್ಕು ಒಪ್ಪಿಕೊಂಡರು. ಇಷ್ಟು ದೊಡ್ಡ ಮಾತಿನ ನಡುವೆ ಬೆವರಿನ ಮಾತೇ ಎಂದು ಹುಲಿಗೆಮ್ಮನೂ ನಕ್ಕಿದ್ದಳು.

ಗವಸು ಬಂದಾಗ ಹುಲಿಗೆಮ್ಮನಿಗೆ ಮೂರು ತಿಂಗಳ ಬಸುರು. ಮುಂಚಿನ ಕಾಲವಾಗಿದ್ದರೆ ಹೊಟ್ಟೆ ಕಂಡ ಕೂಡಲೇ ಕುರ್ಚಿಯಿಂದ ಎಬ್ಬಿಸಿ ಉಗ್ರಾಣಕ್ಕೆ ಕಳಿಸುತ್ತಿದ್ದರು, ಬಸುರಿಯ ಕೈ ನಿಧಾನವೆಂದು. ಬಸುರಿಯನ್ನು ಎಬ್ಬಿಸಬಾರದೆಂಬ ಹೊಸ ಕಾಯಿದೆಯ ದಯೆಯಿಂದ ಅವಳು ಕೂತಲ್ಲೇ ಕೂತಳು. ಆ ಕುರ್ಚಿಯೆಂದರೆ ಅವಳಿಗೆ ಪ್ರಾಣ. ಅವರ ಮನೆತನದಲ್ಲಿ ಎತ್ತರದಲ್ಲಿ ಕೂತು ದುಡಿದ ಮೊದಲ ಹೆಣ್ಣು ಅವಳು. ಗಂಡ ಯಮನೂರಪ್ಪ ಕೆಳಗೆ ಅಂಗಳದಲ್ಲಿ ದುಡಿಯುವವನು. ಗಂಡನ ನೆತ್ತಿಯ ಮೇಲೆ ಹೆಂಡತಿ ಉರಿಯುವ ಕೊಪ್ಪರಿಗೆ ಹಾಯಿಸುತ್ತಾಳೆ, ಮನೆಯಲ್ಲಿ ಜಗಳ ಆಡುವ ಮುಂಚೆ ಎರಡು ಸಲ ಯೋಚನೆ ಮಾಡಪ್ಪಾ ಎಂದು ಗೆಳೆಯರು ಅವನನ್ನು ಚೇಷ್ಟೆ ಮಾಡುತ್ತಿದ್ದರು. ಕೊಪ್ಪರಿಗೆ ಮೇಲೆದ್ದ ಗುಡುಗಿಗೆ ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. "ಒದೀತೇನ? ನಮ್ಮಪ್ಪ ಕೆಳಗದಾನ, ಸಾವಕಾಶ ಅಂತ ಹೇಳಾಕತ್ತೈತಿ ನೋಡ," ಎಂದು ಪಕ್ಕದ ಕುರ್ಚಿಯ ಮೆಹರುನ್ನಿಸಾ ನಗುತ್ತಿದ್ದಳು. ಕೂಸಿಗೆಂದು ಹಸಿರು ಉಣ್ಣೆಯ ಕುಲಾವಿ ಹೆಣೆದು ತಂದವಳೂ ಅವಳೇ.

ಆ ಮೆಹರುನ್ನಿಸಾ ಈಗ ಮಾತು ಬಿಟ್ಟಿದ್ದಾಳೆ.

ಅದಕ್ಕೆ ಕಾರಣ ತೊಟ್ಟಿಲ ದಿನ. ತುಂಗಾಳ ಹೆಸರಿಡುವ ಹೊತ್ತಿಗೆ ಪೂರ್ಣಿಮಾ ಮೇಡಂ ತಾವಾಗಿ ಮನೆಗೆ ಬಂದರು, ಬೆಳ್ಳಿ ಬಟ್ಟಲು ತಂದರು, ಸೋಬಾನೆ ಹಾಡುವ ಹೆಂಗಸರ ನಡುವೆ ನೆಲದ ಮೇಲೆ ಚಕ್ಕಳಮಕ್ಕಳ ಕೂತರು. ಹುಲಿಗೆಮ್ಮನ ಅತ್ತೆ ತಿಪ್ಪವ್ವ ಅಷ್ಟು ದೊಡ್ಡವರು ಮನೆಗೆ ಬಂದರೆಂದು ಗಡಿಬಿಡಿಯಲ್ಲಿ ಹೋಳಿಗೆಗೆ ತುಪ್ಪದ ಬದಲು ಎಣ್ಣೆ ಸುರಿದುಬಿಟ್ಟಳು. ಮೇಡಂ ಅದನ್ನೂ ಹೊಗಳಿ ತಿಂದರು. ಆಮೇಲೆ ಚೀಲದಿಂದ ಅಂಗೈಯಗಲದ ಗಾಜಿನ ಹಲಗೆ ತೆಗೆದರು.

"ಮೆಹರುನ್ನಿಸಾಗೆ ಮಂಡಿ ನೋವು, ಗೊತ್ತಲ್ಲ? ಪಾಪ, ಬೆವರು ಅಂತ ಗವಸು ಬಿಚ್ಚಿ ಬಿಚ್ಚಿ ಇಟ್ಟಳಲ್ಲ, ಅವಳ ಬದಲಿಗೈ ಇನ್ನೂ ತಯಾರಾಗಿಲ್ಲ. ನಿನ್ನ ಕೈ ನಿನ್ನ ಗೆಳತಿಯರ ರಜೆಗೂ ದುಡಿಯಲಿ ಅಂತ ಒಪ್ಪಿಗೆ ಕೊಡ್ತೀಯಾ ಹುಲಿಗೆಮ್ಮ?"

"ಅದನ್ನೇನ್ ಕೇಳ್ತೀರಿ ಮೇಡಂ, ನಾವು ಒಬ್ಬರದು ಒಬ್ಬರು ಮೊದಲಿಂದ ಮಾಡಿಕೋತ ಬಂದೀವಿ," ಎಂದಳು ಹುಲಿಗೆಮ್ಮ. ಸುಳ್ಳಲ್ಲ. ಒಬ್ಬಳು ನೀರಡಿಕೆಗೆ ಎದ್ದರೆ ಪಕ್ಕದವಳು ಎರಡು ಹಿಡಿಕೆ ಹಿಡಿಯುವುದು ಅವರ ಕೋಣೆಯ ರೂಢಿ. ಅರಿಸಿನ ಹಚ್ಚಿದ ಅಂಗೈಯನ್ನು ಗಾಜಿಗೆ ಒತ್ತಿದಳು. ಮೇಡಂ ಆ ಹಳದಿಯನ್ನು ತಮ್ಮ ಸೆರಗಿನಿಂದಲೇ ಒರೆಸಿಕೊಂಡರು.

ಮೆಹರುನ್ನಿಸಾ ಮಂಡಿಗೆ ಮದ್ದು ಮಾಡಿಸಿಕೊಂಡು ವಾಪಸು ಬಂದಾಗ ಅವಳಿಗೂ ಪರೀಕ್ಷೆಯ ಕುರ್ಚಿ ಕಾದಿತ್ತು. ಅವಳ ಕೈಯನ್ನು ಹೋಲಿಸಿದ್ದು ಹುಲಿಗೆಮ್ಮನ ಬದಲಿಗೈಯ ಜೊತೆ. ಸೋತಳು. ವಿಶ್ರಾಂತಿ ಮುಂದುವರಿಸಿ ಎಂದರು. ಜ್ವರ ಬಂದವಳು, ಮುಟ್ಟಿನ ರಜೆಗೆ ಹೋದವಳು, ತಂಗಿಯ ಮದುವೆಗೆ ಹೋದವಳು, ಒಬ್ಬೊಬ್ಬಳೇ ರಜೆಗೆ ಹೋಗಿ ಅಲ್ಲೇ ಉಳಿದಳು. ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ನೋಡಿ! ಎಲ್ಲರೂ ವಿಶ್ರಾಂತಿಯಲ್ಲಿದ್ದರು. ಮೊದಲು ಪೂರ್ತಿ ಸಂಬಳ, ಆಮೇಲೆ ಅರ್ಧ, ಆಮೇಲೆ ಉಪ್ಪು ಎಣ್ಣೆಗೆ ಸಾಕಾಗುವಷ್ಟು 'ಕ್ಷೇಮಭತ್ಯೆ'.

ಹುಲಿಗೆಮ್ಮ ಬಾಣಂತನ ಮುಗಿಸಿ ಸಂತೆಯಲ್ಲಿ ಮೆಹರುನ್ನಿಸಾಳನ್ನು ಕಂಡು ಓಡಿಹೋಗಿ ಕೈ ಹಿಡಿದಾಗ ಅವಳು ಕೈ ಬಿಡಿಸಿಕೊಂಡಳು.

"ಇದ ಕೈಯಲ್ಲೇನ ನಮ್ಮ ಅನ್ನ ತಗದದ್ದು?" ಎಂದಳು. "ನೀ ಮನ್ಯಾಗ ಕೂಸು ಆಡಿಸಿಕೋತ ಕುಂತಿ. ನಿನ್ನ ಕೈ ಒಬ್ಬೊಬ್ಬರನ್ನ ಹೊರಗ ಹಾಕ್ತು. ಒಪ್ಪಿಗಿ ಕೊಡೂಮುಂದ ನಮ್ಮನ್ನ ಒಂದು ಮಾತು ಕೇಳಿದ್ಯಾ?"

"ನಿನ್ನ ಮಂಡಿ ಸಲುವಾಗೇ ಕೊಟ್ಟೆ ಮೆಹರೂ…"

"ನನ್ನ ಹೆಸರ್ಲೆ ನನ್ನ ಹೊಟ್ಟಿ ಮ್ಯಾಲೆ ಹೊಡದಿ ಹಂಗಾರ," ಎಂದು ಹೇಳಿ ಅವಳು ಹೊರಟುಹೋದಳು. ಸಂತೆಯ ಗದ್ದಲದಲ್ಲಿ ಹುಲಿಗೆಮ್ಮ ಮಗುವನ್ನು ಅವುಚಿಕೊಂಡು ಬಹಳ ಹೊತ್ತು ನಿಂತಿದ್ದಳು. ಮೋಸ ಹೋದವಳು ತಾನು, ಮೋಸಗಾತಿ ಎನಿಸಿಕೊಂಡವಳೂ ತಾನೇ. ಇಂಥ ಅನ್ಯಾಯವನ್ನು ಯಾರ ಮುಂದೆ ಹೇಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಪರೀಕ್ಷೆಯಲ್ಲಿ ಸೋತ ಈ ಹೊತ್ತು ಅವಳು ಮಗುವಿಗೆ ಹಾಲೂಡಿ, ಹೆಗಲಿಗೆ ಹಾಕಿಕೊಂಡು, ನೇರ ಪೂರ್ಣಿಮಾ ಮೇಡಂ ಅವರ ಪ್ರಯೋಗಾಲಯಕ್ಕೆ ನಡೆದಳು.

ಮೇಡಂ ಎದ್ದು ಬಂದು ಮಗುವಿನ ಕೆನ್ನೆ ಸವರಿದರು. ಕುರ್ಚಿ ಎಳೆದು ಕೊಟ್ಟರು. ಚಹಾ ತರಿಸಿದರು. ಹುಲಿಗೆಮ್ಮ ಚಹಾ ಮುಟ್ಟಲಿಲ್ಲ.

"ನಾ ಮೊದಲಿನಂಗ ಕೆಲಸ ಮಾಡೀನಿ ಮೇಡಂ. ಒಂದು ಹನಿ ಚೆಲ್ಲಲಿಲ್ಲ. ಮತ್ಯಾಕ ನಾಪಾಸು?"

ಮೇಡಂ ಗೋಡೆಯ ಪರದೆ ಹಚ್ಚಿದರು. ಅದರ ಮೇಲೆ ಎರಡು ಗೆರೆಗಳು ಹರಿಯತೊಡಗಿದವು.

"ಕೆಳಗಿನದು ಈಗಿನ ನಿನ್ನ ಕೈ. ಒಳ್ಳೆ ಕೈ, ನಾನು ಇಲ್ಲ ಅನ್ನಲ್ಲ. ಮೇಲಿನದು ನಿನ್ನ ಬದಲಿಗೈ. ನೋಡು, ಕೊಪ್ಪರಿಗೆ ಎದ್ದ ತಕ್ಷಣ ಇಲ್ಲಿ ಒಂದು ಹಿಂಜರಿಕೆ. ಕೈ ಹೊರಟು ನಿಲ್ಲುತ್ತೆ. ಆ ನಿಂತ ಗಳಿಗೆಯಲ್ಲಿ ಉಕ್ಕಿನ ತುಳುಕಾಟ ತಾನಾಗೇ ಸಾಯುತ್ತೆ. ಬೇರೆ ಯಾರ ಕೈಯಲ್ಲೂ ಇದು ಸಿಕ್ಕಿಲ್ಲ. ಇದು ಬಂದ ಮೇಲೆ ಅಂಗಳದಲ್ಲಿ ಒಂದು ಅಪಘಾತ ಆಗಿಲ್ಲ ಹುಲಿಗೆಮ್ಮ, ಒಂದೂ ಇಲ್ಲ. ಈಗಿನ ನಿನ್ನ ಕೈಯಲ್ಲಿ ಮಾತ್ರ ಅದು ಕಾಣ್ತಿಲ್ಲ. ಅದು ಎಲ್ಲಿಂದ ಬಂತೋ ಮೊದಮೊದಲು ನನಗೂ ಗೊತ್ತಾಗಲಿಲ್ಲ, ಬಹಳ ದಿನ ತಲೆ ಕೆಡಿಸ್ಕೊಂಡೆ."

ಹುಲಿಗೆಮ್ಮ ಮೇಲಿನ ಗೆರೆಯನ್ನೇ ನೋಡುತ್ತಿದ್ದಳು. ಹೊರಟಿತು, ನಿಂತಿತು, ಮತ್ತೆ ಹೊರಟಿತು. ಹೊರಟಿತು, ನಿಂತಿತು. ಆ ನಿಲ್ಲುವಿಕೆ ಅವಳಿಗೆ ಗೊತ್ತು. ಹೆಗಲ ಮೇಲೆ ನಿದ್ದೆ ಹೋಗಿದ್ದ ತುಂಗಾಳ ಪುಟ್ಟ ಹಿಮ್ಮಡಿಯನ್ನು ಅವಳ ಕೈ ತಾನಾಗಿ ಹಿಡಿದುಕೊಂಡಿತು.

"ಇದು… ಇಕಿ ಒದ್ದದ್ದು," ಎಂದಳು. "ಕೊಪ್ಪರಿಗಿ ಎದ್ದಾಗೆಲ್ಲ ಹೊಟ್ಯಾಗ ಒದೀತಿದ್ಲು. ಒದ್ದಾಗ ನಾ ಒಂದು ಗಳಿಗಿ ಕೈ ನಿಲ್ಲಸ್ತಿದ್ದೆ."

"ಹೌದು," ಎಂದರು ಮೇಡಂ. ಅವರ ದನಿಯಲ್ಲಿ ಸಂತೋಷವಿತ್ತು, ಲೆಕ್ಕ ಸರಿಹೋದ ವಿಜ್ಞಾನಿಯ ಶುದ್ಧ ಸಂತೋಷ. "ನಾವೂ ಕೊನೆಗೆ ಅಲ್ಲಿಗೇ ಬಂದ್ವಿ. ಬಸುರಿಯ ಕೈ. ಅದಕ್ಕಿಂತ ಹುಷಾರಾದ ಕೈ ಪ್ರಪಂಚದಲ್ಲಿಲ್ಲ. ಇಷ್ಟು ವರ್ಷ ಅದನ್ನ ಉಗ್ರಾಣಕ್ಕೆ ಕಳಿಸಿದ್ರಲ್ಲ, ಮುಠ್ಠಾಳರು!"

"ಯಾವಾಗ ಗೊತ್ತಾತು ನಿಮಗ?"

ಮೇಡಂ ಕೈ ಚಾಚಿ ಪರದೆ ಆರಿಸಿದರು.

"ತೊಟ್ಟಿಲಕ್ಕ ಬಂದಾಗ ಗೊತ್ತಿತ್ತಾ?"

"…ಗೊತ್ತಿತ್ತು."

ಹುಲಿಗೆಮ್ಮನಿಗೆ ಅತ್ತೆ ಎಣ್ಣೆ ಸುರಿದ ಹೋಳಿಗೆ ನೆನಪಾಯಿತು. ಅದನ್ನು ಹೊಗಳಿ ತಿಂದ ಬಾಯಿ ಇದೇ. ತಾನು ಅಕ್ಕ ಎಂದು ನಂಬಿದ ಹೆಂಗಸು, ಹಸುಗೂಸಿನ ತೊಟ್ಟಿಲು ತೂಗುತ್ತ, ಆ ಕೂಸಿನ ಒದೆತವನ್ನು ಚೀಲದಲ್ಲಿಟ್ಟುಕೊಂಡು ಹೋಗಿದ್ದಳು. ಅಳು ಬರಲಿಲ್ಲ.

"ನೀನು ತಪ್ಪು ತಿಳ್ಕೋಬೇಡ," ಎಂದು ಮೇಡಂ ಅವಳ ಪಕ್ಕಕ್ಕೆ ಬಂದು ಕೂತರು. "ನಿನಗೆ ದಾರಿ ಇದೆ. ಮ್ಯಾನೇಜ್‌ಮೆಂಟ್ ಹತ್ರ ನಾನೇ ಜಗಳ ಆಡಿ ಒಪ್ಪಿಸಿದ್ದೀನಿ." ದನಿ ಇನ್ನಷ್ಟು ಮೆದುವಾಯಿತು. "ಇನ್ನೊಂದು ಮಗುವಿನ ಯೋಚನೆ ಇದ್ಯಾ? ಈ ಸಲ ಮೊದಲ ತಿಂಗಳಿಂದಲೇ ಗವಸು ಹಾಕೋಣ. ಕುರ್ಚಿ ನಿಂದೇ, ಸಂಬಳ ಎರಡರಷ್ಟು."

ಹುಲಿಗೆಮ್ಮ ಎದ್ದಳು. ಪರೀಕ್ಷೆಯ ಯಂತ್ರಕ್ಕೆ ಬೈದಷ್ಟು ಸಲೀಸಾಗಿ ಈ ಹೆಂಗಸಿಗೆ ಬೈಯಲು ಆಗಲಿಲ್ಲ. ಬಾಗಿಲು ತೆಗೆದು ಹೊರಗೆ ಬಂದಳು.

ಮನೆಯಲ್ಲಿ ಎಲ್ಲವನ್ನೂ ಕೇಳಿದ ಯಮನೂರಪ್ಪ ತಲೆ ಬಗ್ಗಿಸಿ ಕೂತ. ಒಳ್ಳೆಯ ಗಂಡಸು, ಹೆಂಡತಿಯ ಸಂಕಟ ಅವನಿಗೆ ತಿಳಿಯುತ್ತಿತ್ತು. ಆದರೂ ಮೆಲ್ಲಗೆ ಹೇಳಿದ. "ಸಿಟ್ಟು ಮಾಡಬ್ಯಾಡ. ಮೊದಲ ನಾವು ಕೊಪ್ಪರಿಗಿ ಹಾದ್ರ ಉಸಿರು ಹಿಡಕೊಂಡು ನಿಲ್ಲತಿದ್ವಿ. ಈಗ ಮ್ಯಾಲೆ ನಿನ್ನ ಕೈ ಐತಂತ ಧೈರ್ಯದಿಂದ ಕೆಲಸ ಮಾಡ್ತೀವಿ. ಹುಡುಗರೆಲ್ಲ ಅದಕ್ಕ ಅವ್ವನ ಕೈ ಅಂತಾರ."

"ಅಂದ್ರ ನನ್ನ ಕೈ ಬೇಕು, ನಾ ಬ್ಯಾಡ. ನಿನಗೂ."

ತಿಪ್ಪವ್ವ ಒಳಗಿನಿಂದ ಬಂದು ಮೊಮ್ಮಗಳನ್ನು ಎತ್ತಿಕೊಂಡಳು. "ಏನರ ಮಾಡವಾ," ಎಂದಳು ಸೊಸೆಗೆ. "ಆದ್ರ ಈ ಕೂಸಿನ ಒದಿತ ಮಾರಿ ಉಣ್ಣೂದು ನನಗ ಬ್ಯಾಡ."

ಮರುದಿನ ಹುಲಿಗೆಮ್ಮ ಕಾರ್ಖಾನೆಗೆ ಹೋಗಿ ನಿಯಂತ್ರಣ ಕೋಣೆಯಲ್ಲಿ ತನ್ನ ಹಳೆಯ ಕುರ್ಚಿಯ ಮೇಲೆ ಕೂತಳು. ಹಿಡಿಕೆ ಅವಳ ಮುಂದೆ ತಾನಾಗಿ ಆಡುತ್ತಿತ್ತು. ಕೆಳಗೆ ಗಂಡ ನಿಂತಿದ್ದ. ಕೊಪ್ಪರಿಗೆ ಎದ್ದಿತು. ಹಿಡಿಕೆ ಹೊರಟು, ನಿಂತಿತು. ಹೊಟ್ಟೆಯಿಂದ ಯಾವತ್ತೋ ಹೊರಬಂದು ಈಗ ಮನೆಯಲ್ಲಿ ಬೊಗಸೆ ನೀರಿಗೆ ಬಡಿಯುತ್ತ ಆಡುವ ಮಗಳು ಇಲ್ಲಿ ಇನ್ನೂ ಒದೆಯುತ್ತಿದ್ದಳು, ಕೋಣೆಯ ಎಲ್ಲ ಹಿಡಿಕೆಗಳಲ್ಲೂ. ಹುಲಿಗೆಮ್ಮ ತನ್ನ ಅಂಗೈಯನ್ನು ಆ ಹಿಡಿಕೆಯ ಮೇಲೆ ಒಂದು ಗಳಿಗೆ ಇಟ್ಟಳು. ಕೊಪ್ಪರಿಗೆಗಳೆಲ್ಲ ನೆಲಕ್ಕೆ ಇಳಿದು ಅಂಗಳ ಖಾಲಿಯಾಗುವ ತನಕ ಕಾದಳು. ಆಮೇಲೆ ಗೋಡೆಯ ಗಾಜಿನ ಹಲಗೆಗೆ ಅಂಗೈ ಒತ್ತಿ, "ನಾ ಕೆಲಸ ಬಿಟ್ಟೀನಿ," ಎಂದಳು. ಕರಾರು ಕರಾರೇ. ಹಿಡಿಕೆಗಳೆಲ್ಲ ಒಟ್ಟಿಗೇ ನಿಂತವು.

ಆಗ ಅವಳು ಅತ್ತಳು. ಕುರ್ಚಿಗಾಗಿ ಅತ್ತಳೋ, ಅಳಿಸಿಹೋದ ಆ ಒದೆತಕ್ಕಾಗಿ ಅತ್ತಳೋ ಅವಳಿಗೂ ಹೇಳಲು ಬರುವುದಿಲ್ಲ.

ಕ್ರೇನುಗಳು ನಿಂತವು. ಕುಲುಮೆಯನ್ನು ಹಾಗೆ ನಿಲ್ಲಿಸಲು ಆಗುತ್ತದೆಯೇ? ವಿಶ್ರಾಂತಿಯಲ್ಲಿದ್ದ ಹೆಂಗಸರಿಗೆಲ್ಲ ತುರ್ತು ಕರೆ ಹೋಯಿತು, ಯಾವ ಪರೀಕ್ಷೆಯೂ ಇಲ್ಲದೆ. ಒಂದೇ ವಾರದಲ್ಲಿ ಅವರೆಲ್ಲ ಅವರವರ ಮಟ್ಟಕ್ಕೆ ಬಂದುಬಿಟ್ಟಿದ್ದರು, ಪವಾಡ! ಕೆಲಸ ಬಿಟ್ಟವಳಿಗೆ ಮಾತ್ರ ಕರೆ ಬರಲಿಲ್ಲ. ಹುಲಿಗೆಮ್ಮ ಮನೆಯ ಮುಂದೆ ಮಿರ್ಚಿ ಭಜಿಯ ಅಂಗಡಿ ಹಾಕಿದಳು.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮೆಹರುನ್ನಿಸಾ ಬಂದಳು. ಜೊತೆಗೆ ಮಗಳು ನಾಜ್ನೀನ್. ಮೆಹರುನ್ನಿಸಾ ಅಂಗಡಿಯ ಬೆಂಚಿನ ಮೇಲೆ ಕೂತು, ತಾನೇ ತೂತಿನ ಸೌಟು ಜಾರಾ ಹಿಡಿದು ಬಾಣಲೆಯಲ್ಲಿದ್ದ ಭಜಿ ತಿರುವಿ ಹಾಕಿದಳು.

"ನಿನಗ ಭಾಳ ಅಂದುಬಿಟ್ಟೆ ನಾನು," ಎಂದಳು ಕೊನೆಗೆ.

"ಅಂದಿ," ಎಂದಳು ಹುಲಿಗೆಮ್ಮ. "ಈಗ ಬಂದ್ಯಲ್ಲ, ಕೂಡು."

ನಾಜ್ನೀನಳಿಗೆ ಸುದ್ದಿ ಹೇಳುವ ಆತುರ. ಕಾರ್ಖಾನೆಯ ಗೇಟಿಗೆ ಹೊಸ ಫಲಕ ಹಾಕಿದ್ದಾರಂತೆ, ಕ್ರೇನಿನ ಕೆಲಸಕ್ಕೆ ಗರ್ಭಿಣಿಯರಿಗೆ ಮೊದಲ ಆದ್ಯತೆ ಎಂದು. ಪೇಪರಿನವರೆಲ್ಲ ಬಂದು ಪೂರ್ಣಿಮಾ ಮೇಡಂ ಫೋಟೋ ತೆಗೆದುಕೊಂಡು ಹೋದರಂತೆ. ಬೆನ್ನಿಗೆ ದಿಂಬಿನ ಕುರ್ಚಿ, ದಿನಾ ಹಾಲು, ಹಣ್ಣು. "ನನ್ನ ಗಂಡನೂ ಅಲ್ಲೇ ಕೆಳಗ ಅಂಗಳದಾಗ ಹತ್ಯಾನ್ರಿ. ನನಗ ನಾಳೆಯಿಂದ ಬಾ ಅಂದಾರ. ಕರಾರಿನಾಗ ಒಂದೋ ಎರಡೋ ಮಾತು ಹೊಸಾವು ಅದಾವಂತ, ಉಳಿದದ್ದೆಲ್ಲ ಹಳೇದ ಅಂತ, ಅವನ್ನೇನ್ ಓದ್ಕೋತ ಕೂಡೂದು? ಎಂಥಾ ಛಲೋ ಕಂಪನಿ ಅಲ್ಲೇನ್ರಿ ಕಾಕಿ?"

ಹೇಳುತ್ತ ಹೇಳುತ್ತ ಅವಳು ತಟ್ಟನೆ ಮಾತು ನಿಲ್ಲಿಸಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಕ್ಕಳು. ಕೂಸು ಒದ್ದಿತ್ತು.

ಹೋಗಬೇಡ ಎನ್ನಲು ಹುಲಿಗೆಮ್ಮನಿಗೆ ಬಾಯಿ ಬರಲಿಲ್ಲ. ಆ ಕುರ್ಚಿಯ ರುಚಿ ಅವಳಿಗೆ ಗೊತ್ತು. ಒದ್ದಾಗ ಕೈ ನಿಲ್ಲಿಸಬೇಡ ಎನ್ನುವಂತೆಯೂ ಇಲ್ಲ. ಕೆಳಗೆ ಯಮನೂರಪ್ಪ ಇದ್ದಾನೆ, ಈ ಹುಡುಗಿಯ ಗಂಡ ಇದ್ದಾನೆ. ಅವಳು ಒಲೆ ಸಣ್ಣ ಮಾಡಿ, ಹಿಟ್ಟಿನ ಕೈ ತೊಳೆದುಕೊಂಡು, ನಾಜ್ನೀನಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಹೋಗವಾ, ಹೋಗಿ ಕೂಡು. ಒಂದು ಮಾತು ನೆನಪಿಡು. ಕೊಪ್ಪರಿಗಿ ಎದ್ದಾಗ ಕೂಸು ಒದೀತೈತಿ. ಒದ್ದಾಗ ಒಂದು ಗಳಿಗಿ ಕೈ ನಿಲ್ಲಸು, ಮರೀಬ್ಯಾಡ. ಆದ್ರ ನಿಲ್ಲಸೂಮುಂದ," ಎಂದು ಮೆಹರುನ್ನಿಸಾಳ ಮುಖ ನೋಡಿದಳು, "ಬೆವರು ಒರಸಾಕಂತ ಹೇಳಿ ಗವಸು ಬಿಚ್ಚಿ ನಿಲ್ಲಸು."